ನಾಯಿಮರಿ ಬರುವ ಮುನ್ನ: ಮನೆ, ಅಂಗಳ ಮತ್ತು ಗೋದಾಮಿನ ತಪಾಸಣೆ

ಕೆಳಗೆ ಅಂಗಡಿ, ಮೇಲೆ ಮನೆ, ಹಿಂಬದಿಯಲ್ಲಿ ಗೋದಾಮು. ಸಣ್ಣ ವ್ಯಾಪಾರಸ್ಥರು ಹಾಗೂ ಉದ್ದಿಮೆದಾರರ ಪೈಕಿ ಅನೇಕರ ವಾಸ ಮತ್ತು ವ್ಯವಹಾರ ಒಂದೇ ಕಾಂಪೌಂಡಿನೊಳಗೆ ನಡೆಯುತ್ತವೆ. ಇಂತಹ ಆವರಣಕ್ಕೆ ಕಾವಲಿಗೆಂದೋ, ಮಕ್ಕಳ ಒತ್ತಾಯಕ್ಕೆಂದೋ ನಾಯಿಮರಿಯನ್ನು ತರುವುದು ಸಾಮಾನ್ಯ. ಆದರೆ ಎರಡು ತಿಂಗಳ ಮರಿ ಕಾವಲುಗಾರನಲ್ಲ, ಅದು ಹಸುಗೂಸು. ಕಂಡದ್ದನ್ನೆಲ್ಲ ಬಾಯಿಗಿಟ್ಟು ನೋಡುವುದು ಅದರ ಸ್ವಭಾವ. ಸರಕು ಬರುವ ಮುನ್ನ ಗೋದಾಮನ್ನು ಸಜ್ಜುಗೊಳಿಸುವ ವ್ಯಾಪಾರಿ, ಮರಿ ಬರುವ ಮುನ್ನ ಅಂಗಳವನ್ನು ಸಜ್ಜುಗೊಳಿಸದಿದ್ದರೆ ಮೊದಲ ವಾರದಲ್ಲಿಯೇ ಅದನ್ನು ಕಳೆದುಕೊಳ್ಳುವ ಸಂಭವವುಂಟು.

ಗೋದಾಮಿನ ವಿಷಗಳು

ಮೊದಲ ಶತ್ರು ಇಲಿ ಪಾಷಾಣ. ಧಾನ್ಯ, ಬೆಲ್ಲ, ಕಾಗದ, ಬಟ್ಟೆ ಇರುವೆಡೆಗಳಲ್ಲೆಲ್ಲ ಇದನ್ನು ಇಡುವ ರೂಢಿಯಿದೆ. ಇದರಲ್ಲಿ ಎರಡು ಬಗೆಗಳು ಮುಖ್ಯವಾದವು. ಬ್ರೊಮಾಡಿಯೊಲೋನ್ ವರ್ಗದ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ದಿನ ಮರಿ ಲವಲವಿಕೆಯಿಂದಲೇ ಇರುತ್ತದೆ. ಮೂರು ನಾಲ್ಕು ದಿನಗಳ ಬಳಿಕ ಒಳಗೊಳಗೇ ರಕ್ತಸ್ರಾವ ಆರಂಭವಾಗುತ್ತದೆ. ಸಕಾಲದಲ್ಲಿ ಕೆ-1 ಜೀವಸತ್ವದ ಚಿಕಿತ್ಸೆ ದೊರೆತರೆ ಉಳಿಸಿಕೊಳ್ಳಬಹುದು. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯಾದರೋ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಅನಿಲವಾಗುತ್ತದೆ, ಇದಕ್ಕೆ ಪ್ರತಿವಿಷವಿಲ್ಲ. ಆದ್ದರಿಂದ ಮರಿ ಬರುವ ಮೊದಲೇ ಪಾಷಾಣವನ್ನು ಎಣಿಸಿ ತೆಗೆದು, ಇಲಿಬೋನುಗಳನ್ನು ಬಳಸುವುದೇ ಕ್ಷೇಮ. ಯಾವ ಮೂಲೆಯಲ್ಲಿ ಎಷ್ಟು ಬಿಲ್ಲೆ ಇಡಲಾಗಿತ್ತೆಂಬುದು ಕೆಲಸಗಾರರಿಗೆ ಮಾತ್ರ ತಿಳಿದಿರುವುದರಿಂದ ಅವರನ್ನು ಕೇಳಿಯೇ ಹುಡುಕಬೇಕು.

ಎರಡನೆಯದು ಜನರೇಟರ್ ಮತ್ತು ವಾಹನಗಳ ರೇಡಿಯೇಟರಿಗೆ ಹಾಕುವ ಕೂಲಂಟ್. ಇದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ನೆಲಕ್ಕೆ ಸೋರಿದ ಕೊಂಚ ದ್ರವವನ್ನು ನೆಕ್ಕಿದರೂ ಮರಿ ಮೊದಲು ಅಮಲೇರಿದಂತೆ ತೂರಾಡುತ್ತದೆ, ಬಳಿಕ ಅದರ ಮೂತ್ರಪಿಂಡಗಳು ನಿಷ್ಕ್ರಿಯಗೊಳ್ಳುತ್ತವೆ. ಚಿಕಿತ್ಸೆ ಫಲಿಸುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಸೋರಿಕೆಯನ್ನು ಕೂಡಲೇ ಒರೆಸಿ, ನೀರಿನಿಂದ ತೊಳೆಯುವ ಶಿಸ್ತು ಅಗತ್ಯ.

ಬ್ಯಾಟರಿ ಆಮ್ಲ, ಕಾಸ್ಟಿಕ್ ಸೋಡಾ, ಥಿನ್ನರ್‌ಗಳನ್ನು ನೆಲದಿಂದ ಎತ್ತರದ ಕಪಾಟಿನಲ್ಲಿ ಬೀಗ ಹಾಕಿಡತಕ್ಕದ್ದು. ಲೇತ್ ಯಂತ್ರದಿಂದ ಬೀಳುವ ಲೋಹದ ಸುರುಳಿಗಳು ಪಾದವನ್ನು ಸೀಳುತ್ತವೆ. ಸತು ಲೇಪಿತ ನಟ್ಟು, ವಾಷರ್‌ಗಳನ್ನು ನುಂಗಿದರೆ ಸತುವು ಕರಗಿ ಕೆಂಪು ರಕ್ತಕಣಗಳು ನಾಶವಾಗುತ್ತವೆ. ಪ್ಯಾಕಿಂಗಿನ ದಾರ, ಪ್ಲಾಸ್ಟಿಕ್ ಪಟ್ಟಿಗಳು ಕರುಳಿಗೆ ಸುತ್ತಿಕೊಳ್ಳಬಲ್ಲವು.

ಅಂಗಳದ ಅಪಾಯಗಳು

ಬಾಯ್ದೆರೆದ ಸಂಪ್‌ಗಿಂತ ದೊಡ್ಡ ಅಪಾಯ ಅಂಗಳದಲ್ಲಿ ಇನ್ನೊಂದಿಲ್ಲ. ಟ್ಯಾಂಕರ್ ಬಂದುಹೋದ ಮೇಲೆ ಮುಚ್ಚಳ ಹಾಕದೆ ಬಿಡುವ ಅಭ್ಯಾಸವು ಮರಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಮಾರಕ. ಗೇಟಿನ ಕೆಳಗಿನ ಸಂದಿಗೆ ಹಲಗೆ ಹೊಡೆಸಬೇಕು. ಮಹಡಿಯ ಸರಳುಗಳ ನಡುವೆ ಮರಿಯ ತಲೆ ತೂರುವಂತಿದ್ದರೆ ಬಲೆ ಕಟ್ಟಬೇಕು.

ಸರಕು ಇಳಿಸುವ ವೇಳೆಯಂತೂ ಅತ್ಯಂತ ಜಾಗರೂಕತೆಯದು. ನೆರಳನ್ನರಸಿ ಮರಿ ಮಲಗುವುದು ಲಾರಿಯ ಚಕ್ರದ ಬಳಿಯಲ್ಲಿಯೇ. ಲೋಡಿಂಗ್ ಮುಗಿಯುವವರೆಗೆ ಅದನ್ನು ಬೇಲಿ ಹಾಕಿದ ಒಂದು ಮೂಲೆಯಲ್ಲಿ ಇರಿಸುವುದು ಮತ್ತು ವಾಹನ ಹಿಂದೆ ಸರಿಸುವ ಮೊದಲು ಚಾಲಕ ಬಗ್ಗಿ ನೋಡುವುದು ನಿಯಮವಾಗಬೇಕು. ತಗಡಿನ ಶೆಡ್ಡು ಬೇಸಿಗೆಯಲ್ಲಿ ಒಲೆಯಂತೆ ಕಾಯುವುದರಿಂದ ಆ ಮೂಲೆಯಲ್ಲಿ ನೆರಳು, ನೀರು ಇರಲೇಬೇಕು.

ಕಣಗಿಲೆ, ಉಮ್ಮತ್ತಿ, ಹರಳು ಗಿಡಗಳು ವಿಷಕಾರಿ. ಗಿಡಗಳಿಗೆ ಹಾಕುವ ಹರಳು ಹಿಂಡಿಯನ್ನು ನಾಯಿಗಳು ಆಸೆಯಿಂದ ತಿನ್ನುತ್ತವೆಂಬುದನ್ನು ಬಲ್ಲವರು ಕಡಿಮೆ. ಮರದ ರಾಶಿ, ಹಳೆಯ ಇಟ್ಟಿಗೆಗಳನ್ನು ತೆರವುಗೊಳಿಸಿದರೆ ಇಲಿಗಳೊಡನೆ ಹಾವುಗಳೂ ದೂರವಾಗುತ್ತವೆ.

ಮನೆಯೊಳಗೆ

ಮರಿಗೆ ಸುಮಾರು ಮೂರರಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತದೆ. ಆಗ ಕಚ್ಚುವ ಚಪಲ ವಿಪರೀತ. 230 ವೋಲ್ಟಿನ ತಂತಿ ಬಾಯಿಗೆ ಸಿಗುವಂತಿರಬಾರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಹಾಗೂ ಝೈಲಿಟಾಲ್ ಬೆರೆಸಿದ ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳು ನಾಯಿಗೆ ವಿಷ. ಮನೆಯವರ ಔಷಧಿಗಳೂ ಅಷ್ಟೇ. ಅಪಾಯಗಳನ್ನು ಗುರುತಿಸಲು ಸುಲಭೋಪಾಯವೊಂದಿದೆ: ನೆಲದ ಮೇಲೆ ಕುಳಿತು, ಮರಿಯ ಕಣ್ಣಿನ ಎತ್ತರದಿಂದ ಪ್ರತಿಯೊಂದು ಕೋಣೆಯನ್ನೂ ನೋಡುವುದು.

ರೋಗ ಮತ್ತು ಲಸಿಕೆ

ಆವರಣದಲ್ಲಿ ಹಿಂದೆ ನಾಯಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ ವಿಶೇಷ ಎಚ್ಚರಿಕೆ ಬೇಕು. ಅದಕ್ಕೆ ಕಾರಣವಾಗುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಸಾಮಾನ್ಯ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಸಿಮೆಂಟು ನೆಲವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಬಿಡಬೇಕು. ಲಸಿಕೆಯನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ 16 ವಾರಗಳವರೆಗೆ ಪಶುವೈದ್ಯರು ಹೇಳಿದ ಅಂತರದಲ್ಲಿ ಪುನರಾವರ್ತಿಸುವುದು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಮರಿಯೇ ಕಚ್ಚಿದರೂ, ಪರಚಿದರೂ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗುವಂತೆ ಕೆಲಸಗಾರರಿಗೆ ತಿಳಿಸಿರಬೇಕು.

ಕಾನೂನಿನ ಹೊಣೆ

ನಾಯಿ ಸಾಕಣೆ ಮತ್ತು ಮಾರಾಟ ಕುರಿತ 2017ರ ನಿಯಮಗಳಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತೀರ ಗಿಡ್ಡನೆಯ ಅಥವಾ ಭಾರದ ಸರಪಳಿಯಲ್ಲಿ ಕಟ್ಟಿಹಾಕುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ನಿಷೇಧಿಸುತ್ತದೆ. ಸಾಕಿದ ಪ್ರಾಣಿಯಿಂದ ಪರರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನ ನಿರ್ಲಕ್ಷ್ಯ 2023ರ ಭಾರತೀಯ ನ್ಯಾಯ ಸಂಹಿತೆಯಡಿ ದಂಡನಾರ್ಹ. ಗಿರಾಕಿಗಳು, ಹಮಾಲರು ಬಂದುಹೋಗುವ ಸ್ಥಳದಲ್ಲಿ ಇದನ್ನು ಮರೆಯಲಾಗದು.

ವಿಷ ಸೇವನೆಯ ಸಂಶಯ ಬಂದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯೋಗ ಸಲ್ಲದು, ಉಪ್ಪೇ ವಿಷವಾದೀತು. ಆಮ್ಲ, ಸೀಮೆಎಣ್ಣೆಗಳ ವಿಷಯದಲ್ಲಿ ವಾಂತಿಯಿಂದ ಹಾನಿ ಇಮ್ಮಡಿಯಾಗುತ್ತದೆ. ವಿಷದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಪಶು ಆಸ್ಪತ್ರೆಗೆ ಧಾವಿಸುವುದೊಂದೇ ದಾರಿ.

ಸಂಪಿಗೊಂದು ಮುಚ್ಚಳ, ಕಪಾಟಿಗೊಂದು ಬೀಗ, ಗೇಟಿಗೊಂದು ಹಲಗೆ, ಮಹಡಿಗೊಂದು ಬಲೆ: ಇವುಗಳ ವೆಚ್ಚ ದೊಡ್ಡದಲ್ಲ. ಅಂಗಡಿಯ ಗೋಡೆಯ ಮೇಲೆ ಅಗ್ನಿಶಾಮಕ ಠಾಣೆಯ ದೂರವಾಣಿ ಸಂಖ್ಯೆಯಿರುವಲ್ಲಿ ಪಶುವೈದ್ಯರ ಸಂಖ್ಯೆಯನ್ನೂ ಬರೆಸಿದರೆ ತಪಾಸಣೆ ಪೂರ್ಣಗೊಂಡಂತೆ. ನಾಳೆ ಆವರಣವನ್ನು ಕಾಯಬೇಕಾದ ಜೀವವನ್ನು ಇಂದು ಕಾಯಬೇಕಾದವನು ಮಾಲೀಕನೇ.