ತಡೆಯುವ ಕೋಶಗಳು, ತಪ್ಪದ ಹೆಜ್ಜೆಗಳು

ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಬದಿಗೆ ಗುಂಡು ತಗುಲಿದ್ದ ಸೈನಿಕರನ್ನು ಬ್ರಿಟನ್ನಿನ ನರವೈದ್ಯ ಗಾರ್ಡನ್ ಹೋಮ್ಸ್ ಪರೀಕ್ಷಿಸಿ, ತಾವು ಕಂಡದ್ದನ್ನು 1917ರಲ್ಲಿ ಪ್ರಕಟಿಸಿದರು. ಕಿರುಮೆದುಳಿಗೆ ಪೆಟ್ಟು ಬಿದ್ದವರಿಗೆ ಲಕ್ವ ಹೊಡೆದಿರಲಿಲ್ಲ. ಅವರು ಕೈ ಎತ್ತಬಲ್ಲವರಾಗಿದ್ದರು. ಆದರೆ ಗುರಿಯತ್ತ ಚಾಚಿದ ಬೆರಳು ನಡುಗುತ್ತಿತ್ತು, ಗುರಿ ದಾಟಿ ಹೋಗುತ್ತಿತ್ತು. ಚಲನೆ ಶುರುವಾಗುವುದೂ ತಡ, ನಿಲ್ಲುವುದೂ ತಡ. ಅವರು ಕಳೆದುಕೊಂಡದ್ದು ಮುಖ್ಯವಾಗಿ ಹೊತ್ತು ಮತ್ತು ಅಳತೆಯ ಹಿಡಿತವನ್ನು.

ಈ ಹಿಡಿತ ಎಲ್ಲಿಂದ ಬರುತ್ತದೆ? ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಕಿರುಮೆದುಳಿನಲ್ಲೇ ಇವೆ. ಬಹುಪಾಲು ಪುಟ್ಟ ಕಣಕೋಶಗಳು. ಮುಂದಿನ ಕೋಶವನ್ನು ಪ್ರಚೋದಿಸುವುದು ಇವುಗಳ ಕೆಲಸ. ಇವುಗಳ ಸಂದೇಶ ಸೇರುವುದು 1837ರಲ್ಲಿ ಯಾನ್ ಪರ್ಕಿಂಜೆ ವರ್ಣಿಸಿದ ದೊಡ್ಡ ಕೋಶಗಳಿಗೆ. ಒಂದೊಂದು ಪರ್ಕಿಂಜೆ ಕೋಶಕ್ಕೂ ಲಕ್ಷಕ್ಕೂ ಮೀರಿದ ಸಂಪರ್ಕಗಳಿವೆ. ಕಿರುಮೆದುಳಿನ ತೊಗಟೆಯಿಂದ ಸಂದೇಶ ಹೊರಬೀಳುವುದು ಇವುಗಳ ಮೂಲಕ ಮಾತ್ರ.

1960ರ ದಶಕದಲ್ಲಿ ಜಪಾನಿನ ಮಸಾವೊ ಇಟೊ ಮತ್ತು ಸಂಗಡಿಗರು ಈ ಕೋಶದ ಗುಣವನ್ನು ಪತ್ತೆಹಚ್ಚಿದಾಗ ನರವಿಜ್ಞಾನಿಗಳು ಬೆರಗಾದರು. ಪರ್ಕಿಂಜೆ ಕೋಶ ಯಾರನ್ನೂ ಪ್ರಚೋದಿಸುವುದಿಲ್ಲ. ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ಮುಂದಿನ ಕೋಶವನ್ನು ತಡೆಯುತ್ತದೆ, ಅಷ್ಟೇ. ಇಷ್ಟೊಂದು ಕೋಶಗಳ ದುಡಿಮೆಯೆಲ್ಲ ಕೊನೆಗೆ ‘ಬೇಡ’ ಎಂಬ ಒಂದೇ ಮಾತಾಗಿ ಹೊರಬೀಳುತ್ತದೆ!

ಬರೀ ‘ಬೇಡ’ದಿಂದ ಕೌಶಲ ಹುಟ್ಟುವ ಬಗೆ ಸೊಗಸಾದದ್ದು. ಯಾರೂ ಕೆಣಕದಿದ್ದರೂ ಪರ್ಕಿಂಜೆ ಕೋಶ ಸೆಕೆಂಡಿಗೆ ಹತ್ತಾರು ಬಾರಿ ಮಿಡಿಯುತ್ತಲೇ ಇರುತ್ತದೆ. ಕಿರುಮೆದುಳಿನ ಆಳದ ಕೋಶಗಳಿಗೂ ತಮ್ಮದೇ ಮಿಡಿತವಿದೆ. ಅವುಗಳ ಮೇಲೆ ಪರ್ಕಿಂಜೆಯ ಬಿಗಿ ಸದಾ ಇರುತ್ತದೆ. ಮಿಡಿತ ಹೆಚ್ಚಿದರೆ ಬಿಗಿ ಹೆಚ್ಚು. ಮಿಡಿತ ನಿಂತರೆ ಆಳದ ಕೋಶಗಳಿಗೆ ಬಿಡುಗಡೆ. ಒಂದು ಸದ್ದು ಕೇಳಿಸಿ, ಸ್ವಲ್ಪ ಹೊತ್ತಿನಲ್ಲೇ ಕಣ್ಣಿಗೆ ಗಾಳಿ ಊದುವುದನ್ನು ಮತ್ತೆ ಮತ್ತೆ ಮಾಡಿದರೆ, ಪ್ರಾಣಿಗಳು ಗಾಳಿ ಬರುವ ಮುನ್ನವೇ ರೆಪ್ಪೆ ಮುಚ್ಚಲು ಕಲಿಯುತ್ತವೆ. ಆಗ ಆ ರೆಪ್ಪೆಗೆ ಸಂಬಂಧಿಸಿದ ಪರ್ಕಿಂಜೆ ಕೋಶಗಳು ಸರಿಯಾದ ಗಳಿಗೆಗೆ ಮೌನವಾಗುತ್ತವೆ. ಕಲಿತ ಪಾಠ ಆ ಮೌನದ ಹೊತ್ತಿನಲ್ಲಿದೆ.

ತಡೆಯುವವರು ಇನ್ನೂ ಇದ್ದಾರೆ. ಒಳಬರುವ ಸಂದೇಶ ಕಣಕೋಶಗಳನ್ನು ಎಬ್ಬಿಸುವುದರ ಜೊತೆಗೆ ಗಾಲ್ಜಿ ಕೋಶಗಳನ್ನೂ ಎಬ್ಬಿಸುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಗಾಲ್ಜಿ ಕೋಶಗಳು ಕಣಕೋಶಗಳ ಬಾಯಿ ಮುಚ್ಚಿಸುತ್ತವೆ. ಹಾಗಾಗಿ ಒಟ್ಟಾಗಿ, ಹೊತ್ತಿಗೆ ಸರಿಯಾಗಿ ಬಂದ ಸಂದೇಶಗಳು ದಾಟುತ್ತವೆ. ಚದುರಿ, ತಡವಾಗಿ ಬಂದವುಗಳಲ್ಲಿ ಬಹಳಷ್ಟು ಅಲ್ಲೇ ಅಡಗುತ್ತವೆ. ಮೇಲ್ಪದರದ ಬುಟ್ಟಿಕೋಶ ಮತ್ತು ನಕ್ಷತ್ರಕೋಶಗಳು ಪರ್ಕಿಂಜೆಯನ್ನೇ ತಡೆಯುತ್ತವೆ. ತಡೆಯುವವನನ್ನು ತಡೆದರೆ ಆಳದ ಕೋಶಕ್ಕೆ ಸಿಗುವುದು ಅಪ್ಪಣೆ.

ಈ ತಡೆಯ ಲಯ ಕೆಟ್ಟರೇನು ಎಂಬುದಕ್ಕೆ ಆಗಾಗ ತೂರಾಟದ ದಾಳಿಗಳು ಬರುವ ಒಂದು ಆನುವಂಶಿಕ ಕಾಯಿಲೆ ಸಾಕ್ಷಿ. ಅದೇ ದೋಷವಿರುವ ಇಲಿಗಳಲ್ಲಿ ಪರ್ಕಿಂಜೆ ಮಿಡಿತ ಅಡ್ಡಾದಿಡ್ಡಿಯಾಗಿತ್ತು. 4-ಅಮಿನೊಪಿರಿಡಿನ್ ಎಂಬ ಔಷಧ ಆ ಮಿಡಿತವನ್ನು ಮತ್ತೆ ಲಯಕ್ಕೆ ತಂದಿತು. ರೋಗಿಗಳಲ್ಲಿ ದಾಳಿಗಳು ಕಡಿಮೆಯಾದವು. ಸ್ನಾಯುವಿಗೆ ಬಲ ತುಂಬಿ ಪಡೆದ ಗೆಲುವು ಇದಲ್ಲ. ನಮ್ಮ ನಡಿಗೆ, ಬರವಣಿಗೆ, ವಾದ್ಯ ನುಡಿಸುವ ಬೆರಳು ಎಲ್ಲಕ್ಕೂ ಸರಿಯಾದ ಹೊತ್ತಿಗೆ ತಡೆಯುವ, ಸರಿಯಾದ ಹೊತ್ತಿಗೆ ಬಿಡುವ ಕೋಶಗಳು ಬೇಕು.