ಮೇಜಿನ ಅಡಿಯಲ್ಲಿ ಬರೆದ ಹೆಸರು

ಹಳೆಯ ವಸ್ತುಗಳನ್ನು ಕೂಡಿಹಾಕುವುದು ಬೇರೆ, ಕಾಪಾಡುವುದು ಬೇರೆ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಆ ವಸ್ತುವನ್ನು ಮಾಡಿದ ಕೈಯ ಮತ್ತು ಅದು ಬಾಳಿದ ಮನೆಯ ಅರಿವು ಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಹೋಪ್ ಎಂಬ ಊರಿನಲ್ಲಿ ನಕಾಶಿಮಾ ಮನೆತನದವರು ತಯಾರಿಸಿದ ಮೇಜು ಕುರ್ಚಿಗಳನ್ನು ಸಂಗ್ರಹಿಸುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಈ ಕಾರ್ಯಾಗಾರದ ಸ್ಥಾಪಕರಾದ ಜಾರ್ಜ್ ನಕಾಶಿಮಾ 1905ರಲ್ಲಿ ಅಮೆರಿಕದ ಸ್ಪೋಕೇನ್ ನಗರದಲ್ಲಿ ಜಪಾನೀ ಕುಟುಂಬದಲ್ಲಿ ಜನಿಸಿದರು. ವಾಸ್ತುಶಿಲ್ಪವನ್ನು ಅಭ್ಯಸಿಸಿದ ಅವರು 1930ರ ದಶಕದ ಉತ್ತರಾರ್ಧದಲ್ಲಿ ವಾಸ್ತುಶಿಲ್ಪಿ ಆಂಟೋನಿನ್ ರೇಮಂಡರ ಪರವಾಗಿ ಪುದುಚೇರಿಗೆ ಬಂದು, ಶ್ರೀ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ನಿರ್ಮಾಣವನ್ನು ನೋಡಿಕೊಂಡರು. ಅದಕ್ಕೆ ಬೇಕಾದ ಪೀಠೋಪಕರಣಗಳನ್ನೂ ರೂಪಿಸಿದರು. ಆಶ್ರಮದಲ್ಲಿ ಅವರಿಗೆ ದೊರೆತ ಹೆಸರು ಸುಂದರಾನಂದ. ದುಡಿಮೆಯನ್ನೇ ಸಾಧನೆಯೆಂದು ಬಗೆಯುವ ದೃಷ್ಟಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಮರಗೆಲಸದ ಆಳವಾದ ಶಿಕ್ಷಣ ಅವರಿಗೆ ದೊರೆತುದು ಮಾತ್ರ ಸೆರೆಯಲ್ಲಿ. ಯುದ್ಧಕಾಲದಲ್ಲಿ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಅಮೆರಿಕ ಸರ್ಕಾರವು ಶಿಬಿರಗಳಲ್ಲಿ ಕೂಡಿಹಾಕಿತು. ನಕಾಶಿಮಾ, ಅವರ ಪತ್ನಿ ಮೇರಿಯನ್ ಹಾಗೂ ಹಸುಗೂಸು ಮೀರಾ ಐಡಹೋದ ಮಿನಿಡೋಕಾ ಶಿಬಿರವನ್ನು ಸೇರಬೇಕಾಯಿತು. ಅಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯ ಬಳಿ ಜಪಾನೀ ಹತ್ಯಾರುಗಳ ಬಳಕೆಯನ್ನೂ ಕೀಲುಜೋಡಣೆಯನ್ನೂ ಕಲಿತರು. 1943ರಲ್ಲಿ ರೇಮಂಡರ ಹೊಣೆಯ ಮೇಲೆ ಬಿಡುಗಡೆ ಹೊಂದಿ ನ್ಯೂ ಹೋಪಿಗೆ ಬಂದು ನೆಲೆಸಿದರು.

ಅವರ ಕೆಲಸದ ಲಕ್ಷಣ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ವಾಲ್ನಟ್ ಮರದ ಅಗಲವಾದ ಹಲಗೆಯ ಅಂಚನ್ನು ನೇರವಾಗಿ ಕತ್ತರಿಸದೆ ಮರ ಬೆಳೆದಂತೆಯೇ ಉಳಿಸುತ್ತಿದ್ದರು. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳನ್ನು ಗ್ರಂಥದ ಪುಟಗಳನ್ನು ಬಿಚ್ಚಿಟ್ಟಂತೆ ಜೋಡಿಸುತ್ತಿದ್ದರು. ಬಿರುಕನ್ನು ಮರೆಮಾಡದೆ, ಅದು ಮುಂದೆ ಹಬ್ಬದಂತೆ ಚಿಟ್ಟೆಯಾಕಾರದ ಬೆಣೆಗಳಿಂದ ಬಂಧಿಸುತ್ತಿದ್ದರು. ನಮ್ಮ ಮಲೆನಾಡಿಗೆ ಪರಿಚಿತವಾದ ಬೀಟೆಯೂ ಕೆಲವೊಮ್ಮೆ ಈ ಬೆಣೆಗಳಿಗೆ ಬಳಕೆಯಾಗಿದೆ.

ಆದರೆ ಇಂತಹ ಹಲಗೆಯನ್ನು ಇಂದು ಅನೇಕರು ಅನುಕರಿಸುತ್ತಾರೆ. ಆದುದರಿಂದ ರೂಪವೊಂದನ್ನೇ ನಂಬಿ ಕೊಳ್ಳುವುದು ವಿವೇಕವಲ್ಲ. ನಕಾಶಿಮಾ ಬಹುಕಾಲ ತಮ್ಮ ಕೆಲಸಕ್ಕೆ ಸಹಿ ಹಾಕುತ್ತಿರಲಿಲ್ಲ. ಸಹಿಯನ್ನೂ ವರ್ಷವನ್ನೂ ಬರೆಯುವ ರೂಢಿ ಅವರ ಬಾಳಿನ ಕೊನೆಯ ದಶಕದ್ದು. ಅದಕ್ಕೆ ಮೊದಲಿನ ಮೇಜನ್ನು ಮಗುಚಿದರೆ ಅಡಿಯಲ್ಲಿ ಸಾಮಾನ್ಯವಾಗಿ ಕಾಣುವುದು ಮಾಡಿಸಿದ ಗೃಹಸ್ಥರ ಹೆಸರು! ಸಂಗ್ರಾಹಕರಿಗೆ ಈ ಹೆಸರೇ ದಾರಿದೀಪ. ಗಿರಾಕಿಗಳು ಹೇಳಿದ ಕೆಲಸದ ವಿವರಗಳನ್ನೂ ರೇಖಾಚಿತ್ರಗಳನ್ನೂ ಕಾರ್ಯಾಗಾರವು ಕಾಪಾಡಿಕೊಂಡು ಬಂದಿರುವುದರಿಂದ, ಆ ಹೆಸರಿನ ಮೂಲಕ ವಸ್ತುವಿನ ಜಾತಕವನ್ನು ತಿಳಿಯಬಹುದು.

ಇನ್ನೊಂದು ಎಚ್ಚರವೂ ಅಗತ್ಯ. ನಕಾಶಿಮಾ ನೋಲ್ ಮತ್ತು ವಿಡಿಕಾಂಬ್ ಸಂಸ್ಥೆಗಳಿಗೂ ವಿನ್ಯಾಸಗಳನ್ನು ಒದಗಿಸಿದ್ದರು. ಅವು ಕಾರ್ಖಾನೆಯಲ್ಲಿ ತಯಾರಾದವು. ಅವುಗಳಿಗೂ ಮೌಲ್ಯವಿದೆ, ಆದರೆ ನ್ಯೂ ಹೋಪಿನಲ್ಲಿ ಒಬ್ಬ ಗೃಹಸ್ಥನಿಗಾಗಿ ಹಲಗೆ ಆರಿಸಿ ಮಾಡಿದ ಮೇಜಿನೊಡನೆ ಅವನ್ನು ಬೆರೆಸಲಾಗದು. ಮಾರುವವರು ಹೇಳದಿದ್ದರೆ ಕೊಳ್ಳುವವರೇ ಕೇಳಿ ತಿಳಿಯಬೇಕು.

ಇಷ್ಟೆಲ್ಲ ಜತನದಿಂದ ಕೂಡಿಸಿದುದೂ ಒಂದು ರಾತ್ರಿಯಲ್ಲಿ ಇಲ್ಲವಾಗಬಹುದು. 1989ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿ ದಂಪತಿಗಳಿಬ್ಬರ ಮನೆ ಬೆಂಕಿಗೆ ಆಹುತಿಯಾಗಿ, ಅವರು ಕೂಡಿಸಿದ್ದ ನಕಾಶಿಮಾ ಪೀಠೋಪಕರಣಗಳು 100ಕ್ಕೂ ಮಿಕ್ಕಿ ಭಸ್ಮವಾದವು. ಇಳಿವಯಸ್ಸಿನ ನಕಾಶಿಮಾ ಅವನ್ನು ಮತ್ತೆ ಮಾಡಿಕೊಡಲು ಮುಂದಾದರು. 1990ರಲ್ಲಿ ಅವರು ತೀರಿಕೊಂಡರು. ಶಿಬಿರದಲ್ಲಿ ಹಸುಗೂಸಾಗಿದ್ದ ಮೀರಾ, ವಾಸ್ತುಶಿಲ್ಪವನ್ನು ಓದಿ ತಂದೆಯ ಬಳಿ ಪಳಗಿದವರು, ಆ ಹೊಣೆಯನ್ನು ಹೊತ್ತು ನೆರವೇರಿಸಿದರು. ಸುಟ್ಟ ಹಲಗೆ ಮರಳಿ ಬರಲಿಲ್ಲ ನಿಜ; ಆದರೆ ಕೈಯ ಅರಿವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟಿದ್ದರಿಂದ ಮನೆ ಮತ್ತೆ ತುಂಬಿತು.

ನ್ಯೂ ಹೋಪಿನ ಈ ಮನೆ ಮತ್ತು ಕಾರ್ಯಾಗಾರಗಳು 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾದವು. ಅಲ್ಲಿಂದ ಹೊರಟ ಮೇಜುಗಳ ರಕ್ಷಣೆ ಮಾತ್ರ ಅವನ್ನು ಕೊಂಡವರ ಕೈಯಲ್ಲಿದೆ. ಹಳೆಯ ರಸೀದಿ, ಪತ್ರ, ರೇಖಾಚಿತ್ರ ಯಾವುದಿದ್ದರೂ ಮೇಜಿನೊಡನೆಯೇ ಮುಂದಿನವರಿಗೆ ಒಪ್ಪಿಸಬೇಕು. ಹೊಳಪಿನ ಆಸೆಗೆ ಹಲಗೆಯನ್ನು ಉಜ್ಜುವಾಗ ಅಡಿಯಲ್ಲಿ ಬರೆದ ಹೆಸರನ್ನು ಅಳಿಸಬಾರದು.