ಹಿಂಡಿಯಲ್ಲಿ ಅಡಗಿದ ವಿಷ

ಮಕ್ಕಳೇ, ಹೊರಕೆರೆದೇವಪುರದಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಹಸುವಿಗೆ ಶೇಂಗಾ ಹಿಂಡಿಯನ್ನು ಅಂಗಡಿಯಿಂದ ತರುವುದುಂಟು. ಮಳೆಗಾಲದಲ್ಲಿ ಅದರ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು ಕಂಡಿದ್ದೀರಾ? ‘ದನ ತಾನೇ, ತಿನ್ನಲಿ ಬಿಡು’ ಎನ್ನಬಾರದು. ಏಕೆ ಗೊತ್ತೇ?

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಅವು ತಿಂದ ಆಹಾರದಲ್ಲಿ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಇತ್ತು. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅದರಲ್ಲಿ ವಿಷ ಬಿಟ್ಟಿತ್ತು. ವಿಜ್ಞಾನಿಗಳು ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು.

ಇದು ಪ್ರಾಣಿಗಳ ಯಕೃತ್ತನ್ನು ಹಾಳುಮಾಡುತ್ತದೆ. ಮೆಕ್ಕೆಜೋಳ ಬೆರೆಸಿದ ಕೋಳಿ ಆಹಾರ, ನಾಯಿ ಆಹಾರಗಳಲ್ಲೂ ಇರಬಹುದು. ನಾಯಿ, ಬಾತುಕೋಳಿಗಳಿಗಂತೂ ಬಹಳ ಅಪಾಯ. ಹಸು ತಿಂದರೆ ವಿಷದ ಒಂದಂಶ ಹಾಲಿಗೂ ಬರುತ್ತದೆ. ಆ ಹಾಲು ಕುಡಿಯುವವರು ನಾವೇ! ಕುದಿಸಿದರೂ ಅದು ಹೋಗುವುದಿಲ್ಲ. ಬೂಷ್ಟನ್ನು ಕೆರೆದು ತೆಗೆದರೂ ವಿಷ ಹಿಂಡಿಯೊಳಗೆ ಉಳಿದಿರುತ್ತದೆ.

ಹಾಗಾದರೆ ಏನು ಮಾಡಬೇಕು? ಕೊಳ್ಳುವಾಗ ಚೀಲದ ಮೇಲಿನ ತಯಾರಿಕೆಯ ದಿನಾಂಕ ಓದಿ. ಒದ್ದೆಯಾದ, ಮುಗ್ಗಿದ ಚೀಲ ಬೇಡವೆನ್ನಿ. ಮನೆಯಲ್ಲಿ ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ಬೂಷ್ಟು ಕಂಡರೆ ಮೂಸಬೇಡಿ, ದೊಡ್ಡವರಿಗೆ ಹೇಳಿ. ಅದನ್ನು ತಿಪ್ಪೆಗೆ ಎಸೆದರೆ ಕೋಳಿಗಳು ಕೆದಕಿ ತಿನ್ನುತ್ತವೆ, ಆಳವಾಗಿ ಹೂಳಿಸಿ. ಪ್ರಾಣಿ ಮೇವು ಬಿಟ್ಟು ಮಂಕಾದರೆ ಪಶುವೈದ್ಯರನ್ನು ಕಾಣಬೇಕು. ತಿನ್ನಿಸಿದ ಹಿಂಡಿಯನ್ನೂ ಅವರಿಗೆ ತೋರಿಸಬೇಕು.

ಇಂದು ಸಂಜೆ ನಿಮ್ಮ ಮನೆಯ ಹಿಂಡಿ ಚೀಲವನ್ನೊಮ್ಮೆ ನೋಡುತ್ತೀರಲ್ಲವೇ?